ಭಾರ ಹೊರುವವರು ಯಾರು?

ಮಕ್ಕಳೇ, ನಿಮ್ಮ ಜಾಮಿಟ್ರಿ ಪೆಟ್ಟಿಗೆಯಲ್ಲಿ ಕೈವಾರವೂ ಮೂಲೆಮಟ್ಟವೂ ಇವೆಯಲ್ಲವೇ? ಇವೆರಡನ್ನೇ ಗುರುತಾಗಿ ಇಟ್ಟುಕೊಂಡ ಒಂದು ಸಂಘವಿದೆ. ಅವರೇ ಫ್ರೀಮೇಸನ್ನರು. ಲಂಡನ್ನಿನಲ್ಲಿ 1717ರಲ್ಲಿ ಇವರ ಮೊದಲ ಕೇಂದ್ರ ಸಂಘ ಹುಟ್ಟಿತು. ಇದರ ಸದಸ್ಯರು ಒಬ್ಬರನ್ನೊಬ್ಬರು ಸೋದರರೆಂದೇ ಕರೆಯುತ್ತಾರೆ, ಕಷ್ಟಕ್ಕೆ ಆಗುತ್ತಾರೆ. ಸೇರಿ ಕೂರಲು ಅವರಿಗೊಂದು ಸಭಾಂಗಣ ಬೇಕು. ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿ ಆಳುತ್ತಿದ್ದ ಕಾಲದಲ್ಲಿ ಇಂಥ ಭವನಗಳು ಅಲ್ಲಿಯೂ ಅಮೆರಿಕದಲ್ಲಿಯೂ ಊರೂರಲ್ಲಿ ಎದ್ದವು.

ಅವುಗಳಲ್ಲೊಂದು ಅಮೆರಿಕದ ಚಿಕಾಗೋ ನಗರದ ಮೇಸಾನಿಕ್ ಟೆಂಪಲ್. 1892ರಲ್ಲಿ ಪೂರ್ಣಗೊಂಡ ಈ ಕಟ್ಟಡದ ಎತ್ತರ 302 ಅಡಿ. ಕೆಳಗಿನ ಮಹಡಿಗಳಲ್ಲಿ ಅಂಗಡಿಗಳು, ನಡುವೆ ಕಚೇರಿಗಳು, ಮೇಲೆ ಸೋದರರ ಸಭಾಂಗಣಗಳು. ಇದರ ನಕ್ಷೆ ಬರ್ನ್‌ಹ್ಯಾಮ್ ಮತ್ತು ರೂಟ್ ಎಂಬ ಇಬ್ಬರು ವಾಸ್ತುಶಿಲ್ಪಿಗಳದು.

ಅದೇ ನಗರದಲ್ಲಿ, ಅದೇ ವರ್ಷಗಳಲ್ಲಿ, ಈ ಇಬ್ಬರೇ ಮೊನಾಡ್‌ನಾಕ್ ಎಂಬ 16 ಮಹಡಿಗಳ ಇಟ್ಟಿಗೆ ಕಟ್ಟಡಕ್ಕೂ ನಕ್ಷೆ ಬರೆದರು. ಅದರ ಗೋಡೆ ಬುಡದಲ್ಲಿ 6 ಅಡಿ ದಪ್ಪ! ಏಕೆ? ಇಟ್ಟಿಗೆಯ ಗೋಡೆಯಲ್ಲಿ ಪ್ರತಿ ವರಸೆಯೂ ತನ್ನ ಮೇಲಿನ ಎಲ್ಲ ವರಸೆಗಳ ಭಾರವನ್ನು ಹೊರಬೇಕು. ಕಟ್ಟಡ ಎತ್ತರವಾದಷ್ಟೂ ಬುಡ ದಪ್ಪವಾಗಬೇಕು. ಮೇಸಾನಿಕ್ ಟೆಂಪಲನ್ನೂ ಹೀಗೆಯೇ ಕಟ್ಟಿದ್ದರೆ ನೆಲಮಹಡಿಯ ಅಂಗಡಿಗಳ ಜಾಗದಲ್ಲಿ ಸಾಕಷ್ಟನ್ನು ಗೋಡೆಯೇ ತಿಂದುಬಿಡುತ್ತಿತ್ತು.

ಹಾಗಾಗಿ ಅಲ್ಲಿ ಉಕ್ಕಿನ ಕಂಬ ಮತ್ತು ತೊಲೆಗಳ ಹಂದರ ನಿಲ್ಲಿಸಿದರು. ನಮ್ಮ ಮೈಭಾರವನ್ನು ಚರ್ಮವಲ್ಲ, ಮೂಳೆಗಳು ಹೊರುವ ಹಾಗೆ, ಅಲ್ಲಿ ಭಾರ ಹೊತ್ತದ್ದು ಉಕ್ಕು. ಪ್ರತಿ ಮಹಡಿಯ ನೆಲದ ಭಾರ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ಅಡಿಪಾಯಕ್ಕೆ ಇಳಿಯುತ್ತಿತ್ತು. ಹೊರಗೋಡೆಗೆ ಮಳೆ, ಗಾಳಿ, ಚಳಿ ತಡೆಯುವುದಷ್ಟೇ ಕೆಲಸ. ಆದ್ದರಿಂದ ಗೋಡೆ ತೆಳ್ಳಗಾಯಿತು, ಕಿಟಕಿ ಅಗಲವಾಯಿತು, ಒಳಗೆ ಬೆಳಕು ತುಂಬಿತು.

ಉಕ್ಕಿಗೊಬ್ಬ ಶತ್ರುವಿದ್ದಾನೆ. ಅವನೇ ಬೆಂಕಿ. ಕಾದರೆ ಉಕ್ಕು ಮೆತ್ತಗಾಗಿ ಬಾಗುತ್ತದೆ. 1871ರ ಭಾರಿ ಬೆಂಕಿಯಲ್ಲಿ ಸುಟ್ಟ ಚಿಕಾಗೋ ಈ ಪಾಠವನ್ನು ಮರೆಯಲಿಲ್ಲ. ಅಲ್ಲಿಯ ಕಟ್ಟಡಗಳಲ್ಲಿ ಕಂಬ, ತೊಲೆಗಳಿಗೆ ಸುಟ್ಟ ಮಣ್ಣಿನ ಬಿಲ್ಲೆಗಳ ಹೊದಿಕೆ ಹಾಕತೊಡಗಿದರು.

ಇನ್ನೊಂದು ಕಷ್ಟ ಗಾಳಿಯದು. ಎತ್ತರದ ಕಟ್ಟಡವನ್ನು ಗಾಳಿ ಪಕ್ಕದಿಂದ ನೂಕುತ್ತದೆ. ಆಗ ಏನಾಗುತ್ತದೆಂದು ನೀವೇ ನೋಡಬಹುದು. ನಾಲ್ಕು ಐಸ್‌ಕ್ರೀಮ್ ಕಡ್ಡಿಗಳನ್ನು ಚೌಕವಾಗಿ ಜೋಡಿಸಿ. ಮೂಲೆಗಳಿಗೆ ಗುಂಡುಸೂಜಿ ಚುಚ್ಚಿ. ಚುಚ್ಚುವಾಗ ದೊಡ್ಡವರು ಜೊತೆಗಿರಲಿ. ಈಗ ಮೇಲಿನ ಮೂಲೆಯನ್ನು ಪಕ್ಕಕ್ಕೆ ನೂಕಿ. ಚೌಕ ಓರೆಯಾಯಿತಲ್ಲವೇ? ಇನ್ನು ಮೂಲೆಯಿಂದ ಎದುರು ಮೂಲೆಗೆ ಒಂದು ಉದ್ದನೆಯ ಕಡ್ಡಿ ಸೇರಿಸಿ ನೂಕಿ. ಜಗ್ಗುವುದಿಲ್ಲ! ಚೌಕವೀಗ ಎರಡು ತ್ರಿಕೋನಗಳಾಗಿದೆ. ಬದಿಗಳ ಉದ್ದ ಬದಲಾಗದೆ ತ್ರಿಕೋನದ ಆಕಾರ ಬದಲಾಗದು. ಮೇಸಾನಿಕ್ ಟೆಂಪಲ್‌ನ ಹಂದರದಲ್ಲಿಯೂ ಹೀಗೆಯೇ ಓರೆಯಾದ ಉಕ್ಕಿನ ಸರಳುಗಳಿದ್ದವು.

ಆ ಭವನವನ್ನು 1939ರಲ್ಲಿ ಕೆಡವಿದರು. ಮೊನಾಡ್‌ನಾಕ್ ಇಂದಿಗೂ ನಿಂತಿದೆ. ಆದರೆ ಜಗತ್ತಿನ ಗಗನಚುಂಬಿಗಳು ಆರಿಸಿಕೊಂಡದ್ದು ಹಂದರದ ದಾರಿಯನ್ನೇ. ನಿಮ್ಮೂರಿನ ವಿದ್ಯುತ್ ಗೋಪುರವನ್ನೋ ರೈಲು ಸೇತುವೆಯನ್ನೋ ದೂರದಿಂದ ಗಮನಿಸಿ ನೋಡಿ. ಅದರಲ್ಲಿ ಎಷ್ಟು ತ್ರಿಕೋನಗಳಿವೆ, ಎಣಿಸಿ ಗೆಳೆಯರಿಗೆ ಹೇಳಿ.