ಹಸಿ ಮರದ ಲೆಕ್ಕ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಉದ್ಯಮದಲ್ಲಿ ನಾಯಕತ್ವ ಎಂಬ ವಿಷಯ ಕೊಟ್ಟಿದ್ದಾರೆ. ನಾಯಕತ್ವ ಎಂದರೆ ನಮ್ಮ ಕಡೆ ಮಾಗಡಿಯ ಕೆಂಪೇಗೌಡರು ನೆನಪಾಗುತ್ತಾರೆ, ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ನೆನಪಾಗುತ್ತಾರೆ. ಆ ಕಟ್ಟಡದ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ ಅವರನ್ನು ನೆನೆಯುವವರು ಕಡಿಮೆ, ಕಲ್ಲು ಕೆತ್ತಿದವರನ್ನಂತೂ ಕೇಳುವವರೇ ಇಲ್ಲ. ಅಷ್ಟು ದೊಡ್ಡವರ ಮಾತು ನನಗೆ ಬೇಡ. ಚನ್ನಪಟ್ಟಣದ ನನ್ನ ಸಣ್ಣ ಬೊಂಬೆ ಕಾರ್ಖಾನೆಯಲ್ಲಿ ನಾನೇ ಮಾಡಿದ ಒಂದು ಎಡವಟ್ಟು ಹೇಳುತ್ತೇನೆ.

ತಂದೆಯವರ ನಂತರ ಕಾರ್ಖಾನೆ ನನ್ನ ಕೈಗೆ ಬಂದ ಹೊಸತು. ಕಂಬಕ್ಕೆ ಬಳೆ ಪೋಣಿಸುವ ಮಕ್ಕಳ ಆಟಿಕೆಗೆ ದೊಡ್ಡ ಆರ್ಡರ್ ಬಂತು. ಯಾರನ್ನೂ ಕೇಳದೆ ತಾರೀಖು ಒಪ್ಪಿಕೊಂಡೆ. ತಂದೆಯ ಕಾಲದಿಂದ ಇದ್ದ ಮೇಸ್ತ್ರಿ ಆಲೆಮರದ ತುಂಡನ್ನು ಕೈಯಲ್ಲಿ ಹಿಡಿದು, "ಇನ್ನೂ ಹಸಿ ಐತೆ ಕಣಪ್ಪ, ಎರಡು ತಿಂಗಳು ಬಿಡು" ಎಂದರು. "ತಾರೀಖು ಕೊಟ್ಟಾಗಿದೆ, ಕಡೆಯಿರಿ" ಎಂದೆ. ಅವರು ಮತ್ತೆ ಮಾತಾಡಲಿಲ್ಲ.

ಬೊಂಬೆ ಚೆನ್ನಾಗಿಯೇ ಬಂತು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಶಾಖಕ್ಕೆ ಬಣ್ಣ ಕರಗಿ ಹಿಡಿಯುತ್ತದೆ, ತಾಳೆಗರಿ ಒತ್ತಿದರೆ ಕನ್ನಡಿಯಂತೆ ಮಿಂಚುತ್ತದೆ. ಮಿಂಚುವಾಗ ಒಳಗಿನ ನೀರು ಕಾಣುವುದಿಲ್ಲ. ಮರ ಒಣಗುವಾಗ ಎಲ್ಲ ಕಡೆಯೂ ಒಂದೇ ಸಮ ಕುಗ್ಗುವುದಿಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಸುತ್ತಿನ ಉದ್ದಕ್ಕೆ ಹೆಚ್ಚುಕಡಿಮೆ ಎರಡರಷ್ಟು ಕುಗ್ಗುತ್ತದೆ. ಹಾಗಾಗಿ ದುಂಡು ತೂತು ಮೊಟ್ಟೆಯಾಕಾರಕ್ಕೆ ತಿರುಗಿತು, ಬಳೆಗಳು ಸೀಳಿದವು, ಮಾಲು ಪೂರ್ತಿ ವಾಪಸು ಬಂತು. ಹಣ ಹೋಗಿದ್ದನ್ನು ಹೇಗೋ ತಡೆದುಕೊಂಡೆ. ಒಂದು ಬಳೆಯಿಂದ ಉಗುರಿನಷ್ಟು ಚಕ್ಕೆ ಕಳಚಿತ್ತು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆ ಪರೀಕ್ಷಿಸಲು 31.7 ಮಿಲಿಮೀಟರ್ ಅಗಲದ ಕೊಳವೆ ಇರುತ್ತದೆ. ಅದರಲ್ಲಿ ಹಿಡಿಸುವ ತುಂಡು ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಆಗ ನನ್ನ ಮಗಳಿಗೆ ಒಂದೂವರೆ ವರ್ಷ. ಆ ರಾತ್ರಿ ನಿದ್ದೆ ಬರಲಿಲ್ಲ.

ಕನಕಪುರದ ಕಡೆಯಿಂದ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತರುವವರು ಇಲ್ಲಿ ಕೂತಿದ್ದೀರಿ. ಹರಾಜಿನ ಬೆಲೆ ಒಪ್ಪದಿದ್ದರೆ ಕೊಡಲ್ಲ ಎನ್ನುವ ಹಕ್ಕು ನಿಮಗಿದೆ. ಐವತ್ತು ವರ್ಷ ಮರ ಮುಟ್ಟಿದ ನನ್ನ ಮೇಸ್ತ್ರಿಗೆ ಅಷ್ಟು ಹಕ್ಕೂ ಇರಲಿಲ್ಲ. ಮರುದಿನ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಟೀ ಕೊಟ್ಟರು, ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಇದೇ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಒದ್ದೆ ಬಟ್ಟೆಯನ್ನು ಗಂಟೆಗೊಮ್ಮೆ ತೂಗಿಸಿ ಬರೆಸಿದ್ದರು. ಅದು ನೆನಪಾಯಿತು. ಈಗ ಪ್ರತಿ ಅಟ್ಟಿಯ ಮೇಲೂ ಮರ ಕೊಯ್ದ ತಾರೀಖು ಸೀಮೆಸುಣ್ಣದಲ್ಲಿ ಇರುತ್ತದೆ. ಗುರುತು ಮಾಡಿದ ತುಂಡುಗಳನ್ನು ವಾರಕ್ಕೊಮ್ಮೆ ತೂಗಿ ಪುಸ್ತಕದಲ್ಲಿ ಬರೆಯುತ್ತೇವೆ. ತೂಕ ಇಳಿಯುವುದು ನಿಂತ ಮೇಲೆ ಮೇಸ್ತ್ರಿ ಸಹಿ ಹಾಕಬೇಕು. ಸಹಿ ಇಲ್ಲದ ಅಟ್ಟಿಯನ್ನು ನಾನೂ ಮುಟ್ಟುವಂತಿಲ್ಲ. ಮೊದಮೊದಲು ಹುಡುಗರು ಇದೆಂಥ ಕಚೇರಿ ಕೆಲಸ ಎಂದು ನಕ್ಕರು. ಮೇಸ್ತ್ರಿಯೂ ನಕ್ಕರು, ಕೈಗೆ ಗೊತ್ತಾಗುವುದಕ್ಕೆ ತಕ್ಕಡಿ ಯಾಕೆ ಅಂತ. ಆದರೆ ಅವರ ಕೈ ಹೇಳಿದ್ದೂ ತಕ್ಕಡಿ ಹೇಳಿದ್ದೂ ತಪ್ಪದೆ ಒಂದೇ ಆಗುತ್ತಿದ್ದುದನ್ನು ನೋಡಿ ಹುಡುಗರು ಅವರ ಹಿಂದೆ ಹಿಂದೆ ಓಡಾಡಿ ಕಲಿಯತೊಡಗಿದರು. ಇದು ನಾನು ಎಣಿಸಿರದ ಲಾಭ.

ಕಳೆದ ದಸರೆಗೆ ಮುಂಚೆ ಒಂದು ಆರ್ಡರ್ ಬಂತು. ಪುಸ್ತಕ ನೋಡಿದ ಮೇಸ್ತ್ರಿ ಇನ್ನೂ ಮೂರು ವಾರ ಎಂದರು. ಗಿರಾಕಿಗೆ ಫೋನಿನಲ್ಲಿ ಹಾಗೇ ಹೇಳಿದೆ. ಅವರು ಅರ್ಧ ಆರ್ಡರನ್ನು ಬೇರೆಯವರಿಗೆ ಕೊಟ್ಟರು. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಉಳಿದರ್ಧ ಕಳಿಸಿದೆವು, ಒಂದು ಬಳೆಯೂ ವಾಪಸು ಬರಲಿಲ್ಲ.

ಮಕ್ಕಳೇ, ಶನಿವಾರ ಮಧ್ಯಾಹ್ನ ನಮ್ಮ ಕಾರ್ಖಾನೆ ನೋಡಲು ಬನ್ನಿ. ತೂಗುವ ಕೆಲಸ ನಿಮಗೇ ಕೊಡುತ್ತೇನೆ. ಸಹಿ ಮಾತ್ರ ಮೇಸ್ತ್ರಿಯದು.