ಮಳೆಯಲ್ಲಿ ಮಂಡಗದ್ದೆ

ಹಕ್ಕಿ ನೋಡುವವರು ಬಿಸಿಲನ್ನು ಹಾರೈಸುವುದು ಸಹಜ. ಆದರೆ ನಮ್ಮ ಮಲೆನಾಡಿನ ಬೆಳ್ಳಕ್ಕಿಗಳು ಗೂಡು ಕಟ್ಟುವುದೇ ಮಳೆಗಾಲದಲ್ಲಿ. ಶಿವಮೊಗ್ಗದಿಂದ ತೀರ್ಥಹಳ್ಳಿಯ ದಾರಿಯಲ್ಲಿ ಸುಮಾರು 30 ಕಿಲೋಮೀಟರು ಸಾಗಿದರೆ ಮಂಡಗದ್ದೆ. ಅಲ್ಲಿ ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಸಂಸಾರ ಹೂಡುತ್ತವೆ. ಮರಿಗಳಿಗೆ ಬೇಕಾದ ಮೀನು, ಕಪ್ಪೆಗಳನ್ನು ಒದಗಿಸುವುದು ಇದೇ ಮಳೆ. ಗೂಡನ್ನು ಕೊಚ್ಚಿಕೊಂಡು ಹೋಗುವುದೂ ಇದೇ ಮಳೆ.

ಒಂದು ಆಗಸ್ಟಿನಲ್ಲಿ ಗೂಡುಗಳನ್ನು ಎಣಿಸಲೆಂದು ನಾನಲ್ಲಿಗೆ ಹೋಗಿದ್ದೆ. ಬೆಳಗಿನಿಂದಲೂ ಜಡಿಮಳೆ. ದುರ್ಬೀನಿನ ಗಾಜು ಮಸುಕಾಯಿತು. ಟಿಪ್ಪಣಿ ಪುಸ್ತಕದ ಶಾಯಿ ಕದಡಿ ಹರಿಯಿತು. ಅಂದಾಜಿನದೊಂದು ಅಂಕೆ ಬರೆದು ಹಿಂದಿರುಗೋಣವೆನ್ನಿಸಿತು. ಕೊಡೆಯಡಿ ಗಾಜನ್ನು ಒರೆಸಿ ಕಡೆಯ ಬಾರಿಗೆ ನೋಡಿದೆ. ನೀರಿಗೆ ಬಾಗಿದ ಕೊಂಬೆಯೊಂದರ ಗೂಡಿನಲ್ಲಿ ಬೆಳ್ಳಕ್ಕಿಯೊಂದು ಗಾಳಿಗೆ ಎದುರಾಗಿ, ರೆಕ್ಕೆಗಳನ್ನು ಅರೆಬಿಚ್ಚಿ ನಿಂತಿತ್ತು. ಅದರಡಿಯಿಂದ ಮರಿಯ ಕೊಕ್ಕು ಇಣುಕಿತು. ಕೆಳಗೆ ಕೆನ್ನೀರು ಏರುತ್ತಲೇ ಇತ್ತು. ಕೊಂಬೆ ತೊನೆದಾಗಲೆಲ್ಲ ಹಕ್ಕಿ ಕಾಲನ್ನು ಬಲವಾಗಿ ಊರಿತೇ ಹೊರತು ಹಾರಲಿಲ್ಲ. ಕತ್ತಲಾಗುವವರೆಗೆ ನಾನೂ ಕದಲಲಿಲ್ಲ.

ಮರುದಿನ ಬೆಳಗ್ಗೆ ಆ ಕೊಂಬೆ ನೀರಿನೊಳಗಿತ್ತು.

ಅಂದಾಜಿನ ಅಂಕೆ ಬರೆಯಲು ಕೈ ಬರಲಿಲ್ಲ. ‘ಮಳೆ, ಎಣಿಕೆ ಆಗಲಿಲ್ಲ. ಕೆಳಗೊಂಬೆಯ ಒಂದು ಗೂಡು ಹೋಯಿತು’ ಎಂದಷ್ಟೇ ಬರೆದೆ. ಶ್ರೋತೃಗಳೇ, ಹೊಳವಾದ ಮೇಲೆ ಹೋಗಿ ಎಣಿಸಿದ್ದರೆ ನನ್ನ ಲೆಕ್ಕ ಅಚ್ಚುಕಟ್ಟಾಗಿ ಇರುತ್ತಿತ್ತು. ಆದರೆ ಅಲ್ಲೊಂದು ಗೂಡು ಇದ್ದದ್ದೂ, ಅದನ್ನು ಒಂದು ಹಕ್ಕಿ ಕಾದದ್ದೂ ಆ ಲೆಕ್ಕಕ್ಕೆ ಸೇರುತ್ತಿರಲಿಲ್ಲ.