ಟೋಕಿಯೋದ ಆ ಮುದುಕರು ಮತ್ತು ನಮ್ಮಮ್ಮ



ನಾನೊಬ್ಬ ಸಿನಿಮಾ ಹುಚ್ಚ. ಕಳೆದ ಕೆಲವು ವಾರಗಳಲ್ಲಿ ನಾನು ನೋಡಿದ ಎರಡು ಪರದೇಶದ ಚಿತ್ರಗಳ ಬಗ್ಗೆ ನಿಮ್ಮ ಜೊತೆ ನಾಲ್ಕು ಮಾತು ಹಂಚಿಕೊಳ್ಳೋಣ ಅಂತ ಬಂದಿದ್ದೇನೆ. ಒಂದು ಜಪಾನಿನದು, ಇನ್ನೊಂದು ಇರಾನಿನದು. "ಅಯ್ಯೋ, ಭಾಷೆ ಬಾರದ ಚಿತ್ರ ಏನು ನೋಡ್ತೀರಿ?" ಅಂತ ನೀವು ಕೇಳಬಹುದು. ಆದರೆ ಯೋಚಿಸಿ. ಹೈದರಾಬಾದಿನಲ್ಲಿರುವ ನಾವು ಮನೆಯಲ್ಲಿ ಕನ್ನಡ, ತರಕಾರಿ ಅಂಗಡಿಯಲ್ಲಿ ತೆಲುಗು, ಆಟೋದಲ್ಲಿ ದಖನಿ, ಆಫೀಸಿನಲ್ಲಿ ಇಂಗ್ಲಿಷ್ ಆಡುವವರು. ಪರದೆಯ ಕೆಳಗೆ ಬರುವ ಎರಡು ಸಾಲು ಓದುವುದು ನಮಗೇನು ಕಷ್ಟ!

ಈ ಊರಿಗೆ ಲೋಕದ ಸಿನಿಮಾ ಹೊಸದೂ ಅಲ್ಲ. ಶ್ಯಾಮ್ ಬೆನಗಲ್ 1934ರಲ್ಲಿ ಹುಟ್ಟಿದ್ದು ಇಲ್ಲೇ, ತಿರುಮಲಗಿರಿಯಲ್ಲಿ. ಉಸ್ಮಾನಿಯಾದಲ್ಲಿ ಓದಿದ ಅವರು ಹೈದರಾಬಾದ್ ಫಿಲಂ ಸೊಸೈಟಿ ಕಟ್ಟಿದರು. ಅವರ 'ಅಂಕುರ್'ನಲ್ಲಿ ಶಬಾನಾ ಆಜ್ಮಿಯವರ ಎದುರು ನಟಿಸಿದ್ದು ನಮ್ಮ ಅನಂತ್ ನಾಗ್. 1974ರಲ್ಲಿ ಆ ಚಿತ್ರ ಬರ್ಲಿನ್ ಚಿತ್ರೋತ್ಸವದ ಸ್ಪರ್ಧೆಗೂ ಹೋಗಿತ್ತು. ಬೆನಗಲ್ 2024ರ ಡಿಸೆಂಬರಿನಲ್ಲಿ ತೀರಿಕೊಂಡಾಗ, ನಮ್ಮ ಮನೆಯ ಹಿರಿಯರೊಬ್ಬರು ಹೋದ ಹಾಗೆ ಅನ್ನಿಸಿತು.

ಇರಲಿ, ಜಪಾನಿನ ಚಿತ್ರಕ್ಕೆ ಬರೋಣ. ಯಸುಜಿರೊ ಓಜು 1953ರಲ್ಲಿ ಮಾಡಿದ 'ಟೋಕಿಯೋ ಸ್ಟೋರಿ'. ಹೆಸರು ಬಹಳ ದಿನದಿಂದ ಕೇಳಿದ್ದೆ. 2012ರಲ್ಲಿ ಒಂದು ಬ್ರಿಟಿಷ್ ಪತ್ರಿಕೆ ಲೋಕದ ನಿರ್ದೇಶಕರನ್ನೆಲ್ಲ ಕೇಳಿದಾಗ ಮೊದಲ ಸ್ಥಾನ ಸಿಕ್ಕಿದ್ದು ಇದಕ್ಕೇ. ಆದರೆ ಕಥೆ ಹೇಳಿದರೆ ನೀವು "ಇಷ್ಟೇನಾ?" ಅನ್ನುತ್ತೀರಿ. ಒನೊಮಿಚಿ ಎಂಬ ಸಣ್ಣ ಊರಿನ ಮುದಿ ದಂಪತಿ ಮಕ್ಕಳನ್ನು ನೋಡಲು ರೈಲು ಹತ್ತಿ ಟೋಕಿಯೋಗೆ ಬರುತ್ತಾರೆ. ಮಗ ಡಾಕ್ಟರು. ಊರು ತೋರಿಸಲು ಹೊರಟ ದಿನವೇ ರೋಗಿಯ ಕರೆ ಬರುತ್ತದೆ. ಮಗಳದು ಬ್ಯೂಟಿ ಪಾರ್ಲರ್, ಅವಳಿಗೂ ಪುರುಸೊತ್ತಿಲ್ಲ. ಕೊನೆಗೆ ಅಣ್ಣ ತಂಗಿ ಸೇರಿ ದುಡ್ಡು ಹಾಕಿ ಅವರನ್ನು ಅಟಾಮಿಯ ಬಿಸಿನೀರಿನ ಬುಗ್ಗೆಗೆ ಕಳಿಸಿಬಿಡುತ್ತಾರೆ. ಅಲ್ಲಿ ರಾತ್ರಿಯೆಲ್ಲ ಗದ್ದಲ, ನಿದ್ದೆಯಿಲ್ಲ. ಒಂದು ದಿನ ರಜೆ ಹಾಕಿ ಅವರನ್ನು ಸುತ್ತಾಡಿಸುವವಳು ಯುದ್ಧದಲ್ಲಿ ಸತ್ತ ಮಗನ ಹೆಂಡತಿ ನೊರಿಕೊ ಮಾತ್ರ. ಊರಿಗೆ ಮರಳಿದ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಳ್ಳುತ್ತಾಳೆ.

ಇಲ್ಲಿ ಯಾರೂ ಕೆಟ್ಟವರಲ್ಲ. ಯಾರೂ ಕೂಗಾಡುವುದಿಲ್ಲ. ಕ್ಯಾಮೆರಾ ಕೂಡ ಚಾಪೆಯ ಮೇಲೆ ಕೂತ ಮನುಷ್ಯನ ಎತ್ತರದಲ್ಲಿ ಸುಮ್ಮನೆ ಇರುತ್ತದೆ, ನಮ್ಮ ಪಡಸಾಲೆಯಲ್ಲಿ ಅಜ್ಜ ಕೂತು ನೋಡುವ ಹಾಗೆ. ಮುದುಕರು ಮಕ್ಕಳನ್ನು ಬೈಯುವುದೂ ಇಲ್ಲ. ನಮ್ಮ ಮಕ್ಕಳು ಎಷ್ಟೋ ವಾಸಿ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ.

ಅಲ್ಲಿ ನಾನು ಚಿತ್ರ ನಿಲ್ಲಿಸಿ ಎದ್ದು ನೀರು ಕುಡಿದೆ. ಯಾಕೆಂದರೆ ಹೋದ ಬೇಸಿಗೆಯಲ್ಲಿ ಅಮ್ಮ ಕಲಬುರಗಿಯಿಂದ ಬಂದಿದ್ದಳು. ಹದಿನೈದು ದಿನ ಇರುತ್ತೇನೆ ಅಂದಿದ್ದಳು. ನಾನು ಬೆಳಿಗ್ಗೆ ಎಂಟಕ್ಕೆ ಹೊರಟರೆ ರಾತ್ರಿ ಒಂಬತ್ತಕ್ಕೆ ಮನೆ. ಅವಳಿಗೆ ಟಿವಿಯ ರಿಮೋಟು ಕೊಟ್ಟಿದ್ದೆ. ಒಂದು ಭಾನುವಾರ ಸಾಲಾರ್ ಜಂಗ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿ ಗಂಟೆ ಹೊಡೆಯುವ ಗಡಿಯಾರ ತೋರಿಸಿದೆ. ಅದನ್ನು ನೋಡುವಾಗಲೂ ಫೋನಿನಲ್ಲೇ ಇದ್ದೆ. ಎಂಟನೇ ದಿನಕ್ಕೆ ಅವಳು, "ಊರಾಗ ತುಳಸಿಗೆ ನೀರ ಹಾಕೋರ ಯಾರೂ ಇಲ್ಲಪ್ಪ" ಅಂತ ಹೊರಟು ನಿಂತಳು. ಇಮ್ಲಿಬನ್ ಬಸ್ ನಿಲ್ದಾಣದಲ್ಲಿ ಬಸ್ ಹತ್ತಿಸಿ ಬಂದೆ. ನಿಜ ಹೇಳುತ್ತೇನೆ, ಆ ಹೊತ್ತು ನನಗೆ ಸ್ವಲ್ಪ ನಿರಾಳವೇ ಆಗಿತ್ತು. ತುಳಸಿಗೆ ನೀರು ಹಾಕಲು ಪಕ್ಕದ ಮನೆಯವರು ಇದ್ದರು ಎಂಬುದು ಆಮೇಲೆ ನೆನಪಾಯಿತು.

ಎರಡನೆಯದು ಅಸ್ಗರ್ ಫರ್ಹಾದಿಯವರ 'ಎ ಸೆಪರೇಶನ್', 2011ರದು. ಬರ್ಲಿನ್ನಿನ ಚಿನ್ನದ ಕರಡಿ, ಮರುವರ್ಷ ಇರಾನಿಗೆ ಮೊಟ್ಟಮೊದಲ ಆಸ್ಕರ್, ಎರಡನ್ನೂ ಗೆದ್ದ ಚಿತ್ರ. ಸಿಮಿನ್‌ಗೆ ಮಗಳ ಭವಿಷ್ಯಕ್ಕಾಗಿ ದೇಶ ಬಿಡಬೇಕು. ಗಂಡ ನಾದೆರ್ ಒಲ್ಲೆ ಅನ್ನುತ್ತಾನೆ, ಮನೆಯಲ್ಲಿ ಮರೆವಿನ ರೋಗದ ತಂದೆ ಇದ್ದಾನೆ. ನೀನು ಮಗ ಎಂಬುದೇ ಅವನಿಗೆ ಗೊತ್ತಿಲ್ಲವಲ್ಲ ಎಂದು ಹೆಂಡತಿ ಕೇಳಿದರೆ, ಅವನು ತಂದೆ ಎಂಬುದು ನನಗೆ ಗೊತ್ತಿದೆಯಲ್ಲ ಎಂಬ ಅರ್ಥದ ಮಾತು ಹೇಳುತ್ತಾನೆ. ಹಾಗಾದರೆ ಅವನೇ ಸರಿ ಅಂದಿರಾ? ಸ್ವಲ್ಪ ತಾಳಿ. ಮುದುಕನನ್ನು ನೋಡಿಕೊಳ್ಳಲು ಬಂದ ಬಡ ಗರ್ಭಿಣಿ ಹೆಂಗಸಿನ ಜೊತೆ ಜಗಳವಾಗಿ, ಅವಳನ್ನು ಬಾಗಿಲಾಚೆ ತಳ್ಳಿದವನೂ ಅವನೇ. ಅಲ್ಲಿಂದ ಮುಂದೆ ಕೋರ್ಟು, ಸುಳ್ಳು, ಆಣೆ. ಒಬ್ಬೊಬ್ಬರ ಮಾತು ಕೇಳಿದಾಗಲೂ ಇವರದೇ ಸರಿ ಅನ್ನಿಸುತ್ತದೆ. ತಂದೆಗೆ ಸ್ನಾನ ಮಾಡಿಸುತ್ತ ಮಗ ಒಮ್ಮೆಲೇ ಬಿಕ್ಕುವ ದೃಶ್ಯವನ್ನು ನಾನು ಮರೆಯಲಾರೆ.

ಓಜು ಮದುವೆಯಾಗಲಿಲ್ಲ. ತಾಯಿ 1962ರಲ್ಲಿ ಸಾಯುವತನಕ ಅವಳ ಜೊತೆಗೇ ಇದ್ದರು. ಮರುವರ್ಷ, ಸರಿಯಾಗಿ ತಮ್ಮ ಅರವತ್ತನೆಯ ಹುಟ್ಟುಹಬ್ಬದಂದು, ತಾವೂ ಹೋದರು. ನಾವೆಲ್ಲ ಹಾಗೆ ಬದುಕಲು ಆಗುವುದಿಲ್ಲ ನಿಜ. ಹೊಟ್ಟೆಪಾಡು ನಮ್ಮನ್ನು ಊರು ಬಿಡಿಸಿದೆ.

ಚಿತ್ರ ಮುಗಿದ ಮಾರನೆಯ ದಿನ ಅಮ್ಮನಿಗೆ ಫೋನ್ ಮಾಡಿ, ದಸರೆಗೆ ಬಾ, ನಾಲ್ಕು ದಿನ ರಜೆ ಹಾಕಿದ್ದೇನೆ ಅಂದೆ. "ಗಡಿಯಾರ ಇನ್ನೊಮ್ಮೆ ತೋರಸ್ತಿಯೇನು?" ಅಂದಳು. ತೋರಿಸಬೇಕು, ಈ ಸಲ ಫೋನು ಮನೆಯಲ್ಲಿಟ್ಟು.

ಈ ಎರಡು ಚಿತ್ರಗಳನ್ನು ನೀವೂ ಬಿಡುವಾದಾಗ ನೋಡಿ. ಸಾಧ್ಯವಾದರೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಾಲುಗಳನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಿ.